ಎರಡು ಮೊಳ ಬಟ್ಟೆ, ಮೂರು ಕಾಲೇಜು

ಬೆಟಗೇರಿಯ ನಮ್ಮ ಓಣಿಯಲ್ಲಿ ನನ್ನ ಬಗ್ಗೆ ಒಂದು ಕಥೆ ಓಡಾಡುತ್ತಿದೆ. ನೇಕಾರರ ಮನೆಯ ಹುಡುಗಿ, ಮಗ್ಗದ ಸದ್ದಿನಲ್ಲೇ ಬೆಳೆದವಳು, ನೇಕಾರಿಕೆ ರಕ್ತದಲ್ಲೇ ಇತ್ತು, ಅದಕ್ಕೇ ಕಂಪ್ಯೂಟರ್ ಸೀಟು ಒದ್ದು ಜವಳಿ ಇಂಜಿನಿಯರಿಂಗ್ ಸೇರಿದಳು ಎಂದು. ಕೇಳಲು ಚೆಂದ. ಆದರೆ ಪುರಾವೆ? ಹರಿದ ಎಳೆಗೆ ನೆಟ್ಟಗೆ ಗಂಟು ಹಾಕಲು ನನಗೆ ಇವತ್ತಿಗೂ ಬರುವುದಿಲ್ಲ. ರಕ್ತದಲ್ಲಿ ಇದ್ದದ್ದು ಬೆರಳಿಗೆ ಯಾಕೆ ಇಳಿಯಲಿಲ್ಲ? ಈ ಪ್ರಶ್ನೆಗೆ ಕಥೆ ಹೇಳುವವರು ಯಾರೂ ಉತ್ತರ ಕೊಟ್ಟಿಲ್ಲ.

ನಡೆದದ್ದು ಬೇರೆ. ಪಿಯುಸಿಯಲ್ಲಿ ಚರ್ಚಾಸ್ಪರ್ಧೆಗೆ ಕೈಮಗ್ಗ ಉಳಿಯಬೇಕೇ ಎಂಬ ವಿಷಯ ಕೊಟ್ಟಿದ್ದರು. ನಾನು ಬೇಡ ಎನ್ನುವ ಪಕ್ಷದಲ್ಲಿ ಮಾತಾಡಿ ಗೆದ್ದೆ. ಗೆಲ್ಲಲು ಓದುತ್ತ ಹೋದಾಗ ಒಂದು ಗಜ ಬಟ್ಟೆಯೊಳಗೆ ಎಷ್ಟು ಗಣಿತ, ಎಷ್ಟು ಭೌತಶಾಸ್ತ್ರ ಕೂತಿದೆ ಎಂದು ಮೊದಲ ಬಾರಿ ತಿಳಿಯಿತು. ನಮ್ಮ ಪಡಸಾಲೆಯಲ್ಲಿ ಸೋದರತ್ತೆಯ ಮಗ್ಗದ ಪಕ್ಕದಲ್ಲೇ ಕೂತು ಓದಿದ್ದು ಹೌದು. ಆದರೆ ಓದಿದ್ದು ಪುಸ್ತಕ, ಮಗ್ಗವನ್ನಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜವಳಿ ಇಂಜಿನಿಯರಿಂಗ್ ಕಲಿಸುವ ಕಾಲೇಜುಗಳು ರಾಜ್ಯದಲ್ಲಿ ಬೆರಳೆಣಿಕೆಯಷ್ಟು. ನನ್ನ ರ‍್ಯಾಂಕಿಗೆ ಸಿಗುವಂಥವು ಮೂರು. ಹೆಸರು ಬರೆಯುವುದಿಲ್ಲ. ಉತ್ತರ ಕೊಡಲು ಎದುರಿಗಿಲ್ಲದವರ ಮೇಲೆ ಆರೋಪ ಹೊರಿಸಬಾರದೆಂದು ಚರ್ಚಾಕೂಟ ಕಲಿಸಿದೆ. ಗಾಜಿನ ಕಟ್ಟಡದ್ದು, ದೂರದ್ದು, ಹಳೆಯದು ಎನ್ನುತ್ತೇನೆ, ಸಾಕು. ಸೀಟಿಗಾಗಿ ಕಾಲೇಜುಗಳ ಆಪ್ಷನ್ ಪಟ್ಟಿ ಬರೆದು ಮುಗಿಸಲು ಎರಡೇ ದಿನ ಉಳಿದಿತ್ತು. ಅಪ್ಪ ಷರತ್ತು ಹಾಕಿದ: "ಮೂರೂ ಕಾಲೇಜಿನ್ಯಾಗ ಓದಿದವರನ್ನ ಕಂಡ ಬಾ. ಒಬ್ಬರರ 'ನಮ್ಮ ಮನೀ ಹುಡಿಗೀನೂ ಇದಕ್ಕ ಹಾಕತಿದ್ವಿ' ಅಂದ್ರ ಆತು, ಜವಳಿ. ಯಾರೂ ಅನ್ಲಿಲ್ಲಂದ್ರ ಸುಮ್ಮನ ಕಂಪ್ಯೂಟರ್ ಬರಿ."

ನೂಲಿನ ಅಂಗಡಿಯವರನ್ನು, ಹಳೆಯ ಮೇಷ್ಟ್ರುಗಳನ್ನು ಪೀಡಿಸಿ ನಮ್ಮ ಜಿಲ್ಲೆಯೊಳಗೇ ಒಂದೊಂದು ಕಾಲೇಜಿಗೆ ಒಬ್ಬೊಬ್ಬರನ್ನು ಹುಡುಕಿದೆ. ಒಬ್ಬರು ಲಕ್ಷ್ಮೇಶ್ವರದಲ್ಲಿ, ಒಬ್ಬರು ಶಿರಹಟ್ಟಿಯಲ್ಲಿ, ಒಬ್ಬರು ಮುಂಡರಗಿ ತಾಲೂಕಿನ ಡೋಣಿಯಲ್ಲಿ. ಮೂವರಿಗೂ ಫೋನ್ ಮಾಡಿದರೆ ಮುಗಿಯುತ್ತಿತ್ತು. ಅದಕ್ಕೆ ಅಡ್ಡ ಬಂದವಳು ಅಪ್ಪನ ಅಕ್ಕ, ನಾಗತ್ತೆ. ಮೂವತ್ತು ವರ್ಷದಿಂದ ನೆಲದಲ್ಲಿ ತೋಡಿದ ತಗ್ಗಿನ ಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಿರುವವಳು.

"ಫೋನಿನ್ಯಾಗ ಬಟ್ಟಿ ಹೊರಳಿಸಿ ನೋಡಾಕ ಬರತೈತೇನ?" ಅಂದಳು.

"ಬಟ್ಟಿ ಯಾಕ? ನಾ ಕಾಲೇಜ್ ಕೇಳಾಕ ಹೊಂಟೀನಿ."

"ನೀ ಕಾಲೇಜ್ ಕೇಳು. ನಾ ಬಟ್ಟಿ ಕೇಳತೇನಿ. ನಿಂದು ಬಾಯಿ ಪರೀಕ್ಷಾ, ನಂದು ಕೈ ಪರೀಕ್ಷಾ."

ತಾನೇ ನೇಯ್ದ ಎರಡು ಮೊಳದ ಕೋರಾ ಬಟ್ಟೆಯನ್ನು, ಅಂದರೆ ಇನ್ನೂ ಬಣ್ಣ ಕಾಣದ ಬಿಳಿ ತುಂಡನ್ನು, ಮಡಚಿ ಚೀಲದಲ್ಲಿ ಇಟ್ಟುಕೊಂಡಳು. ಬೆಳಕಿಗೆ ಹಿಡಿದರೆ ಅಡ್ಡಡ್ಡ ಕೂದಲೆಳೆಯಷ್ಟು ತೆಳುವಾದ ಗೆರೆಗಳು ಕಾಣುತ್ತಿದ್ದವು. ಆ ಜಾಗದಲ್ಲಿ ನೇಯ್ಗೆ ಸ್ವಲ್ಪ ವಿರಳ. "ಈ ದೋಷ ಹೆಂಗ ಬಂತು ಅಂತ ಹೇಳಿದವರ ಕಾಲೇಜ್ ಖರೆ" ಎಂಬುದು ಅವಳ ತೀರ್ಪಿನ ಕ್ರಮ. ಒಂದು ಗೆರೆಯಿಂದ ಇಡೀ ಕಾಲೇಜನ್ನು ಅಳೆಯುವುದು ತರ್ಕದೋಷ ಎಂದು ನಾನು ಹತ್ತು ನಿಮಿಷ ವಾದಿಸಿದೆ. ಅವಳು ಅಷ್ಟರಲ್ಲಿ ರೊಟ್ಟಿ ಕಟ್ಟಿ ಮುಗಿಸಿದ್ದಳು.

ಮರುದಿನ ಆರೂವರೆಗೆ ಗದಗ ಬಸ್ ನಿಲ್ದಾಣದಿಂದ ಹೊರಟೆವು. ಲಕ್ಷ್ಮೇಶ್ವರ ನಲವತ್ತು ಕಿಲೋಮೀಟರ್ ಆಸುಪಾಸು. ಟಿಕೆಟ್ ಇಬ್ಬರಿಗೂ ಸೊನ್ನೆ, ಆಧಾರ್ ಕಾರ್ಡ್ ತೋರಿಸಿದರೆ ಆಯಿತು. ಆಷಾಢದ ಗಾಳಿ ಕಿಟಕಿಯ ಗಾಜನ್ನು ಗಡಗಡ ಅನ್ನಿಸುತ್ತಿತ್ತು. ಮುಳಗುಂದ ದಾಟಿದ ಮೇಲೆ ಎರಡೂ ಕಡೆ ಕರಿ ಹೊಲದಲ್ಲಿ ಹೆಸರು ಗೇಣುದ್ದ ಎದ್ದಿತ್ತು. ಹನಿ ಉದುರುತ್ತಿತ್ತು, ಮಳೆ ಎನ್ನುವಷ್ಟಲ್ಲ. ಅತ್ತೆ, ಜನ ಓಡಾಡುವ ದಾರಿಯ ಪಕ್ಕದ ಸೀಟೇ ಬೇಕೆಂದು ಹಟ ಮಾಡಿ ಕೂತು, ಬಲಗಾಲನ್ನು ದಾರಿಗೆ ಅಡ್ಡ ಚಾಚಿದಳು.

"ಯವ್ವಾ, ಕಾಲ ಒಳಗ ತಗೋರಿ, ಮಂದಿ ಅಡ್ಡಾಡತಾರ," ಅಂದ ಕಂಡಕ್ಟರ್.

"ಅಡ್ಡಾಡ್ಲಿ ಬಿಡಪಾ, ನಾ ಬ್ಯಾಡ ಅಂದೇನೇನ?"

"ಸೊನ್ನಿ ಟಿಕೀಟಿಗೆ ಎರಡ ಸೀಟಿನ ಜಾಗಾ ಬೇಕೇನ್ರಿ ನಿಮಗ?"

"ರೊಕ್ಕಾ ಕೊಟ್ಟಿದ್ರ ಮೂರ ಕೇಳತಿದ್ದೆ."

ಹಿಂದಿನ ಸೀಟಿನವರೆಲ್ಲ ನಕ್ಕರು. ಕಂಡಕ್ಟರ್ ಪ್ರತಿ ಸಲವೂ ಅವಳ ಕಾಲು ದಾಟಿ ಹೋಗುವಾಗ ಹೊಳೆ ದಾಟುವವನ ಹಾಗೆ ಪ್ಯಾಂಟು ಎತ್ತಿ ಹಿಡಿದು ನಟಿಸಿದ. ನಮ್ಮ ಅತ್ತೆಯ ಮೊಂಡುತನ ಊರಿಗೇ ಗೊತ್ತು ಎಂದುಕೊಂಡು ನಾನೂ ನಕ್ಕೆ.

ಲಕ್ಷ್ಮೇಶ್ವರದಲ್ಲಿ ಪ್ರವೀಣನ ಅಪ್ಪನದು ಬಜಾರದ ನಡುವೆ ಸೀರೆ ಅಂಗಡಿ. ಪ್ರವೀಣ ಗಾಜಿನ ಕಟ್ಟಡದ ಕಾಲೇಜಿನಲ್ಲಿ ಹೋದ ವರ್ಷ ಓದು ಮುಗಿಸಿ ಈಗ ಅಂಗಡಿ ನೋಡಿಕೊಳ್ಳುತ್ತಿದ್ದಾನೆ. ಒಳ್ಳೆಯ ಹುಡುಗ. ಹೋದ ಕೂಡಲೇ ಚಹಾ, ಒಗ್ಗರಣೆ ಮಂಡಕ್ಕಿ ತರಿಸಿದ. ನೆಲದ ಗಾದಿಯ ಮೇಲೆ ಕುಂಡ್ರಿ ಎಂದು ಅವನ ತಾಯಿ ಎಷ್ಟು ಕರೆದರೂ ಅತ್ತೆ ಬಾಗಿಲ ಹತ್ತಿರದ ಸ್ಟೂಲು ಬಿಟ್ಟು ಏಳಲಿಲ್ಲ. "ಗಿರಾಕಿ ಆಗಿ ಬಂದಾಗ ಕುಂಡರತೇನಿ ಬಿಡವಾ" ಅಂದಳು. ನೇಯುವವರಿಗೆ ಮಾರುವವರ ಗಾದಿಯ ಮೇಲೆ ಇರುವ ಹಳೆಯ ಸಿಟ್ಟು ಇದು ಎಂದು ನಾನು ಅರ್ಥ ಮಾಡಿಕೊಂಡೆ. ಒಳ್ಳೆಯ ಅರ್ಥವೇ. ತಪ್ಪಾಗಿತ್ತು ಅಷ್ಟೆ.

ಪ್ರವೀಣ ಫೋನಿನಲ್ಲಿ ಕಾಲೇಜಿನ ಫೋಟೊ ತೋರಿಸಿದ. ಪ್ರಯೋಗಾಲಯಕ್ಕೆ ಎಸಿ, ನೆಲದಲ್ಲಿ ಮುಖ ಕಾಣುವಷ್ಟು ಹೊಳಪು, ವಿದೇಶದಿಂದ ತರಿಸಿದ ಮಗ್ಗ.

"ಈ ಮಗ್ಗದಾಗ ನೀವು ಎಷ್ಟ ದಿನಾ ಕೆಲಸ ಮಾಡೀರಿ ಅಣ್ಣಾರ?" ಎಂದು ಕೇಳಿದೆ.

ಅವನು ನಕ್ಕ. "ಖರೆ ಹೇಳ್ಲೇನು? ಅದು ಹೊಸಾದು. ಕೆಟ್ಟೀತು ಅಂತ ಕವರ್ ಹಾಕಿಟ್ಟಿದ್ರು. ತಪಾಸಣಿಗೆ ಬಂದಾಗ ತಗೀತಿದ್ರು."

"ಅಂದ್ರ ನಾಕ ವರ್ಷ ಕವರ್ ನೋಡೀರಿ."

"ಏನ ತಂಗಿ, ಸೀದಾ ಗುದ್ದತೀಯಲ್ಲ!"

ಅತ್ತೆ ಬಟ್ಟೆ ತೆಗೆದು ಕೊಟ್ಟಳು. ಪ್ರವೀಣ ಅದನ್ನು ಮೇಲಿನಿಂದ ನೋಡಿದ, ಹೊರಳಿಸಲಿಲ್ಲ. ಅದೊಂದಕ್ಕೇ ಅತ್ತೆಯ ಹುಬ್ಬು ಮೇಲೇರಿತು. "ಇದು ಡೈಯಿಂಗ್‌ನ್ಯಾಗ ಬಂದಿದ್ದು ನೋಡ್ರಿ. ಬಣ್ಣ ಸರಿಯಾಗಿ ಹಿಡಿದಿಲ್ಲ."

"ಇದಕ್ಕ ಬಣ್ಣಾನ ಹಾಕಿಲ್ಲಪಾ," ಅಂದಳು ಅತ್ತೆ, ಮೆಲ್ಲಗೆ.

ಪ್ರವೀಣನ ತಾಯಿ ಸೆರಗು ಬಾಯಿಗೆ ಹಿಡಿದು ನಕ್ಕರು. ಅವನೂ ನಕ್ಕ. ಅದು ಅವನ ದೊಡ್ಡ ಗುಣ. ತಂಗಿಯನ್ನು ಏನು ಓದಿಸುತ್ತಿದ್ದೀರಿ ಎಂದೆ. ಕಂಪ್ಯೂಟರ್ ಎಂದ. ಮೊದಲ ಸಾಕ್ಷಿ ಹೀಗೆ ಹೋಯಿತು.

ಶಿರಹಟ್ಟಿಗೆ ಅರ್ಧ ಗಂಟೆಯ ದಾರಿ. ದೂರದ ಕಾಲೇಜಿನ ಮಂಜುನಾಥ ಅಲ್ಲಿ ಒಂದು ಸರ್ಕಾರಿ ಕಚೇರಿಯ ಗುಮಾಸ್ತ. ಎದುರಿನ ಚಹಾದಂಗಡಿಗೆ ಹತ್ತು ನಿಮಿಷಕ್ಕೆ ಬಂದ. ಬಟ್ಟೆಯನ್ನು ಹೊರಳಿಸಿ ನೋಡಿದ, ಬೆಳಕಿಗೂ ಹಿಡಿದ. ನನ್ನ ಎದೆ ಹಿಗ್ಗಿತು. ಆಮೇಲೆ ಹೇಳಿದ: ಅಡ್ಡ ಹಾಯುವ ಹೊಕ್ಕಿನ ನೂಲು ಸಣ್ಣದಿರಬಹುದು, ಅಥವಾ ಬಡಿತ ಹಗುರಾಗಿರಬಹುದು, ಅಥವಾ ಉದ್ದನೆಯ ಎಳೆಗಳ ಹಾಸು ಸಡಿಲಾಗಿರಬಹುದು, ಅಥವಾ ಬಟ್ಟೆ ಸುತ್ತುವಾಗ ಜಾರಿರಬಹುದು, ಅಥವಾ ಲಾಳಿ ತಡವಾಗಿರಬಹುದು.

"ಇದ್ರಾಗ ಯಾವ್ದು?" ಅಂದಳು ಅತ್ತೆ.

"ಪರೀಕ್ಷಾದಾಗ ಐದೂ ಬರದ್ರ ಪೂರ್ತಿ ಮಾರ್ಕ್ಸ್ ಬರತಿತ್ರಿ." ಅವನು ಬಟ್ಟೆಯನ್ನು ನೀಟಾಗಿ ಮಡಚಿ ಕೊಟ್ಟ. "ಕಲಿಸಿದ್ದು ಚೊಲೋನ ಕಲಿಸಿದ್ರು. ಬಿಟ್ಟ ಮೂರ ವರ್ಷ ಆತು, ಮರ್ತೇನಿ."

"ನಿಮ್ಮ ತಂಗೀನ ಈ ಕೋರ್ಸಿಗೆ ಹಾಕತಿದ್ರೇನ್ರಿ?" ಎಂದೆ.

"ನನಗ ತಂಗಿ ಇಲ್ರಿ."

"ಇದ್ದಿದ್ರ?"

"ಇಲ್ಲದ ತಂಗೀ ಮ್ಯಾಲ ಇಬ್ರೂ ಯಾಕ ವಾದಾ ಮಾಡೂಣ್ರಿ?" ಎಂದು ಲೋಟ ಇಟ್ಟು, ಚಹಾದ ದುಡ್ಡು ತಾನೇ ಕೊಟ್ಟು ಕಚೇರಿಗೆ ಹೋದ. ಕಲ್ಪಿತ ಪ್ರಶ್ನೆಗೂ ತಾರ್ಕಿಕ ಉತ್ತರ ಕೊಡಬಹುದು ಎನ್ನಬೇಕೆಂದು ನನಗೆ ನೆನಪಾದಾಗ ಅವನು ಮೆಟ್ಟಿಲು ಹತ್ತಿ ಆಗಿತ್ತು.

"ಹೆಂಗರ ನಿನಗ ಒಬ್ಬ ಸಮ ಸಿಕ್ಕ," ಅಂದಳು ಅತ್ತೆ, ಪೂರ್ತಿ ಸಂತೋಷದಿಂದ.

ಶಿರಹಟ್ಟಿಯಿಂದ ಮುಂಡರಗಿಯ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆವು. ಬಂದ ಬಸ್ಸು ಪ್ರತಿ ಹಳ್ಳಿಯಲ್ಲೂ ನಿಂತು ಎಲ್ಲರ ಕ್ಷೇಮ ವಿಚಾರಿಸಿಕೊಂಡು ಹೋಯಿತು. ನನ್ನ ಮನಸ್ಸು ಕೆಟ್ಟಿತ್ತು. ಮೂರರಲ್ಲಿ ಎರಡು ಮುಗಿದಿತ್ತು. ಕಂಪ್ಯೂಟರ್ ಓದುವುದು ಕೆಟ್ಟದ್ದೆಂದು ನಾನು ಎಂದೂ ವಾದಿಸಿಲ್ಲ. ಎಲ್ಲರೂ ಅದನ್ನೇ ಓದಬೇಕು ಎಂಬುದಕ್ಕೆ ಕಾರಣ ಕೇಳಿದ್ದೆ, ಯಾರೂ ಕೊಟ್ಟಿರಲಿಲ್ಲ. ಈಗ ನನ್ನ ಕಡೆಯ ಕಾರಣಗಳೂ ಒಂದೊಂದೇ ಉದುರುತ್ತಿದ್ದವು. ಮುಂಡರಗಿ ಬಸ್ ನಿಲ್ದಾಣದಲ್ಲಿ ಬುತ್ತಿ ಬಿಚ್ಚಿದೆವು. ಕಡಕ್ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ. ಬೆಂಚುಗಳು ತುಂಬಿದ್ದವು. ನಾನು ಕಟ್ಟೆಯ ಕೆಳಗೆ ನೆಲದ ಮೇಲೆ ಕೂತೆ, ಅತ್ತೆ ಕಂಬಕ್ಕೆ ಒರಗಿ ನಿಂತೇ ಉಂಡಳು.

"ಕುಂಡ್ರಬಾರದೇನ?"

"ನಿಂತ ಉಂಡ್ರ ಎರಡ ರೊಟ್ಟಿ ಹೆಚ್ಚಿಗಿ ಹಿಡೀತಾವ. ವಿಜ್ಞಾನ ಓದೀದಿ, ಗೊತ್ತಿಲ್ಲೇನ?"

ಡೋಣಿಗೆ ಇನ್ನೊಂದು ಬಸ್ಸು. ಕಪ್ಪತಗುಡ್ಡ ಹತ್ತಿರವಾದಂತೆ ಗಾಳಿಯೂ ಜೋರಾಯಿತು. ಗುಡ್ಡದ ಬೆನ್ನಿನ ಮೇಲೆ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುತ್ತಿದ್ದವು. ಬಸ್ಸಿನಿಂದ ಇಳಿಯುವಾಗ ಅತ್ತೆಯ ಸೆರಗು ಪತಾಕೆಯಾಯಿತು.

ಹಳೆಯ ಕಾಲೇಜಿನ ಕವಿತಾ ಒಂದು ಗಿರಣಿಯಲ್ಲಿ ಬಟ್ಟೆಯ ಗುಣಮಟ್ಟ ನೋಡುವ ಕೆಲಸದವಳು, ಈಗ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕಿವಿಗೆ ಅರಳೆ, ತಲೆಗೆ ಸ್ಕಾರ್ಫು ಕಟ್ಟಿಕೊಂಡು ಕೋಣೆಯಲ್ಲಿ ಹೊರಸು ಮಂಚದ ಮೇಲೆ ಕೂತಿದ್ದಳು. ಮಗ್ಗುಲಲ್ಲಿ ಇಪ್ಪತ್ತು ದಿನದ ಹೆಣ್ಣು ಕೂಸು. ಲೋಬಾನದ ಹೊಗೆಯ ವಾಸನೆ. ಬಾಣಂತಿಯನ್ನು ನೋಡಲು ಬರಿಗೈಲಿ ಹೋಗಬಾರದೆಂದು ಅತ್ತೆ ರವಿಕೆ ಹೊಲಿಸಿಕೊಳ್ಳಲು ಒಂದು ಕುಬಸದ ಕಣ ತಂದಿದ್ದಳು. ಅದನ್ನು ಕೊಟ್ಟು, ಅರಿಷಿಣ ಕುಂಕುಮ ಹಚ್ಚಿಸಿಕೊಂಡು, ಕೂಸಿನ ಮೂಗು ಯಾರದೆಂದು ತೀರ್ಮಾನಿಸಿದ ಮೇಲೆಯೇ ನಮ್ಮ ವಿಷಯ ಎತ್ತಲು ಸಾಧ್ಯವಾಯಿತು.

ಅತ್ತೆ ಬಟ್ಟೆ ಬಿಚ್ಚಿದಳು. ಕವಿತಾ ಕೈ ಚಾಚಿದಳು. ಅಷ್ಟರಲ್ಲಿ ಅವಳ ತಾಯಿ ನಡುವೆ ಬಂದರು.

"ಬ್ಯಾಡ್ರಿ! ಬಾಣಂತಿ ಎಳಿ ಗಿಳಿ ನೋಡಬಾರದು. ಕಣ್ಣ ಹೋಗತಾವ. ಫೋನ್ ನೋಡಬ್ಯಾಡ ಅಂತನ ದಿನಾ ಜಗಳಾ ಆಗತೈತಿ."

"ಅದಕ್ಕ ಪುರಾವೆ ಏನೈತ್ರಿ?" ಎಂದು ನನ್ನ ಬಾಯಿಗೆ ಬಂದೇಬಿಟ್ಟಿತ್ತು. ಅತ್ತೆ ನನ್ನ ತೋಳು ಚಿವುಟಿದಳು. ನಮ್ಮ ಮನೆಯಲ್ಲೂ ಇದೇ ನಿಯಮ. ಬಾಣಂತಿಯಾದಾಗ ಅವ್ವನೂ ಐದು ತಿಂಗಳು ನೂಲಿನ ಕಂಡಿಕೆ ಸುತ್ತಿರಲಿಲ್ಲವಂತೆ. ನಾಲ್ಕು ಬಸ್ಸು ಹತ್ತಿಳಿದು ಬಂದು ಬಾಣಂತಿಯ ಕಣ್ಣು ಬೇಡುವುದು, ಅದೂ ಈ ನಿಯಮ ಗೊತ್ತಿದ್ದ ನಾವು, ಎಂಥ ತಪ್ಪೆಂದು ನಮಗಿಬ್ಬರಿಗೂ ಹೊಳೆದಿರಲಿಲ್ಲ.

ಕವಿತಾ ನಕ್ಕಳು. "ಆತವಾ, ನೋಡಂಗಿಲ್ಲ," ಎಂದು ತಾಯಿಗೆ ಹೇಳಿ ಕಣ್ಣು ಮುಚ್ಚಿಕೊಂಡಳು. ಬಟ್ಟೆಯನ್ನು ತೊಡೆಯ ಮೇಲೆ ಹಾಸಿಕೊಂಡು, ಕೆಳಗೊಂದು ಕೈ, ಮೇಲೊಂದು ಹೆಬ್ಬೆರಳು ಇಟ್ಟು ಮೆಲ್ಲಗೆ ಎಳೆಯುತ್ತ ಹೋದಳು. ಹೆಬ್ಬೆರಳು ಒಂದು ಕಡೆ ನಿಂತಿತು.

"ಇಲ್ಲೊಂದು. ಹೌದಿಲ್ಲೋ?"

ನಾನು ಬಗ್ಗಿ ನೋಡಿದೆ. ಸರಿಯಾಗಿ ಗೆರೆಯ ಮೇಲೆ ಇತ್ತು.

"ತಂಗಿ, ನನ್ನ ಕಣ್ಣಿಗೆ ರಜಾ. ನೀನ ಅಳಿ. ಅವ್ವಾರ, ನೇಯ್ಗಿ ಸುರು ಆದ ತುದಿ ಯಾವುದ್ರಿ?"

ಅತ್ತೆ ತೋರಿಸಿದಳು. ನಾನು ಅಲ್ಲಿಂದ ಅಳೆಯತೊಡಗಿದೆ. ಮೊದಲ ಗೆರೆಯಿಂದ ಎರಡನೆಯದಕ್ಕೆ ಒಂದು ಗೇಣು. ಮುಂದಿನದಕ್ಕೆ ಹತ್ತು ಬೆರಳು. ಆಮೇಲೆ ಎಂಟು. ಆಮೇಲೆ ಏಳು. ಕೊನೆಯ ಎರಡರ ನಡುವೆ ನಾಲ್ಕೇ ಬೆರಳು. ಗಟ್ಟಿಯಾಗಿ ಹೇಳುತ್ತ ಹೋದಂತೆ ನನ್ನ ಧ್ವನಿ ನನಗೇ ವಿಚಿತ್ರವಾಗಿ ಕೇಳಿಸಿತು. ಈ ಬಟ್ಟೆಯನ್ನು ಬೆಳಗಿನಿಂದ ಎರಡು ಕಡೆ ಬಿಚ್ಚಿದ್ದೆವು. ನಾನು ಅಂತರ ಅಳೆದಿರಲಿಲ್ಲ.

"ಬಟ್ಟಿ ಸುತ್ತೂವಾಗ ಬಂದ ಗೆರಿ ಆಗಿದ್ರ ಅಂತರ ಒಂದ ಸಮ ಇರತಿತ್ತು," ಅಂದಳು ಕವಿತಾ, ಕಣ್ಣು ಮುಚ್ಚಿಕೊಂಡೇ. "ಇಲ್ಲಿ ಹತ್ರ ಹತ್ರ ಆಗಕೋತ ಬಂದಾವ. ಇದು ಮಗ್ಗದ ದೋಷ ಅಲ್ರಿ. ನೇಯಾಕಿ ನಿಲ್ಲಿಸಿ ಎದ್ದಾಳ. ಎದ್ದಾಗ ಹಾಸು ಜರಾ ಸಡಿಲ ಬೀಳತೈತಿ, ತಿರುಗಿ ಕುಂತು ಹೊಡದ ಮೊದಲನೇ ಎಳಿ ಸರಿ ಕುಂಡ್ರೂದಿಲ್ಲ. ಮೊದಲ ಗೇಣಿಗೊಮ್ಮೆ ಎದ್ದಾಳ, ಕಡೀಕ ನಾಕ ಬೆರಳಿಗೊಮ್ಮೆ. ತಗ್ಗಿನ ಮಗ್ಗ ಏನ್ರಿ?"

"ಹೂಂ," ಅಂದಳು ಅತ್ತೆ.

"ಆಕಿ ಕಾಲ ನೋಯಾಕತ್ತಾವ." ಕವಿತಾ ಕಣ್ಣು ತೆರೆದಳು. ಅತ್ತೆಯ ಕಡೆ ನೋಡಿದಳು. ನಾನೂ ನೋಡಿದೆ. ನನಗೆ ಚಾಪೆ ಹಾಸಿದ್ದರು. ಅತ್ತೆ ಮಾತ್ರ ಕೇಳದೆಯೇ ಹೊರಸಿನ ಅಂಚಿಗೆ ಕೂತು ಬಲಗಾಲು ಮುಂದೆ ಚಾಚಿದ್ದಳು. ಬಸ್ಸಿನ ದಾರಿ, ಅಂಗಡಿಯ ಸ್ಟೂಲು, ಮುಂಡರಗಿಯ ಕಂಬ, ಎಲ್ಲ ಒಮ್ಮೆಲೇ ಸಾಲಾಗಿ ಬಂದು ನಿಂತವು. ಇಡೀ ದಿನ ಸಾಕ್ಷಿ ನನ್ನ ಪಕ್ಕದಲ್ಲೇ ಓಡಾಡಿತ್ತು. ನಾನು ಬೇರೆಯವರನ್ನು ಪಾಟೀಸವಾಲು ಮಾಡುತ್ತಿದ್ದೆ.

ಅತ್ತೆ ಜೋರಾಗಿ ನಕ್ಕು ಕೂಸಿನ ಕಡೆ ತಿರುಗಿದಳು. "ನಿಮ್ಮವ್ವ ಪಾಸ್ ಆದಳ ನೋಡ!"

"ಕುಂಡ್ರೂ ಹಲಗಿ ನಾಕ ಬೆರಳ ಎತ್ತರಾ ಮಾಡ್ರಿ," ಅಂದಳು ಕವಿತಾ. "ಎದ್ದ ಬಂದ ಮ್ಯಾಲ ಹಾಸು ಬಿಗಿ ನೋಡಿ ಹೊಡೀರಿ. ಗೆರಿ ಹೋಗತಾವ. ಕಾಲಿಗೆ ಮಾತ್ರ ಡಾಕ್ಟರ್ ಕಡೆ ಹೋಗ್ರಿ, ಅದು ನನ್ನ ವಿಷಯ ಅಲ್ಲ."

ಆಮೇಲೆ ನಾನು ನನ್ನ ಪ್ರಶ್ನೆಗಳನ್ನು ಕೇಳಿದೆ. ಅವಳು ಏನನ್ನೂ ಮುಚ್ಚಿಡಲಿಲ್ಲ. ಹಾಸ್ಟೆಲಿನಲ್ಲಿ ಬೇಸಿಗೆಗೆ ನೀರಿನ ತಾಪತ್ರಯ. ಕಟ್ಟಡ ಸೋರುತ್ತದೆ. ಜೊತೆಗೆ ಓದಿದವರಲ್ಲಿ ಅರ್ಧ ಜನ ಬೇರೆ ಕೆಲಸ ಹಿಡಿದರು. ತನಗೂ ಊರು ಬಿಟ್ಟು ದೂರದಲ್ಲೇ ಕೆಲಸ. ಆದರೆ ಮೊದಲ ವರ್ಷವೇ ಪ್ರತಿಯೊಬ್ಬರೂ ಕೈಮಗ್ಗದಲ್ಲಿ ಒಂದು ಮೀಟರ್ ನೇಯಬೇಕು. ಅಲ್ಲಿಯ ಹಿರಿಯ ಮೇಷ್ಟ್ರೊಬ್ಬರು ಬಟ್ಟೆ ವಾಪಸ್ ಕೊಟ್ಟು, ತಪ್ಪು ಎಲ್ಲಿದೆ ಎಂದು ಹೇಳದೆ, ನೀನೇ ಹುಡುಕು ಎನ್ನುತ್ತಿದ್ದರಂತೆ. "ನಂದು ಏಳ ಸಲ ವಾಪಸ್ ಬಂದಿತ್ತು. ಕಣ್ಣ ಮುಚ್ಚಿ ನೋಡೂದು ಅಲ್ಲೇ ಕಲತೆ. ಕರೆಂಟ್ ಹೋಗತಿತ್ತಲ್ಲ!"

ಕೊನೆಗೆ ಅಪ್ಪನ ಷರತ್ತಿನ ಪ್ರಶ್ನೆ. "ಅಕ್ಕಾರ, ನಿಮ್ಮ ಮನೀ ಹುಡಿಗೀನ ಇದಕ್ಕ ಹಾಕತೀರೇನು?"

ಅವಳು ಕೂಸಿನ ಮುಷ್ಟಿಯನ್ನು ಬಿಡಿಸಿ ತನ್ನ ಬೆರಳು ಹಿಡಿಸಿದಳು. "ಹಾಕತೇನಿ ಅಂತ ನಾ ಹೇಳಂಗಿಲ್ಲ ತಂಗಿ. ಇಕಿ ದೊಡ್ಡಾಕಿ ಆಗಿ ತಾನ ಕೇಳಬೇಕು. ಕೇಳಿದ್ರ, ಬ್ಯಾಡ ಅನ್ನಂಗಿಲ್ಲ. ಯಾವ ಕಾಲೇಜ್ ಅನ್ನೂದು ಮಾತ್ರ ಹೇಳತೇನಿ."

ಷರತ್ತು ಪೂರೈಸಿತೇ ಇಲ್ಲವೇ? ಡಂಬಳದ ಮೇಲಿಂದ ಗದಗಿಗೆ ಬರುವ ಬಸ್ಸಿನಲ್ಲಿ ನಾನು ಅದನ್ನೇ ಅಪ್ಪನ ಮುಂದೆ ಹೇಗೆ ಮಂಡಿಸಬೇಕೆಂದು ಮನಸ್ಸಿನಲ್ಲೇ ಸಿದ್ಧ ಮಾಡಿಕೊಂಡೆ. ಬಳಸಬೇಕಾಗಿ ಬರಲಿಲ್ಲ. ಅತ್ತೆ ಮನೆಗೆ ಹೋದವಳೇ "ಹಳೇ ಕಾಲೇಜ ಮೊದಲ ಬರಿ" ಅಂದಳು, ಅಪ್ಪ ಹೂಂ ಅಂದ. ವಾದಿಸದೆ ಗೆದ್ದ ನನ್ನ ಏಕೈಕ ಚರ್ಚೆ ಅದು. ಈಗ ಎರಡನೇ ವರ್ಷದಲ್ಲಿದ್ದೇನೆ. ಕಟ್ಟಡ ಸೋರುತ್ತದೆ. ನನ್ನ ಮೀಟರ್ ಬಟ್ಟೆ ಒಂಬತ್ತು ಸಲ ವಾಪಸ್ ಬಂತು, ಕವಿತಕ್ಕನಿಗಿಂತ ಎರಡು ಹೆಚ್ಚು. ಇಷ್ಟರ ಮೇಲೂ ಅಂದು ಬರೆದ ಆಪ್ಷನ್ ಪಟ್ಟಿಯ ಬಗ್ಗೆ ನನಗೆ ತಕರಾರಿಲ್ಲ.

ಆ ದಿನದ ಕೊನೆಯನ್ನು ಮಾತ್ರ ಹೇಳಿಬಿಡುತ್ತೇನೆ. ಗದಗಿನಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ನಿಲ್ದಾಣದ ಹೊರಗೆ ಗಾಡಿಯ ಮುಂದೆ ನಿಂತು ಬಿಸಿ ಬದನೆಕಾಯಿ ಬಜಿ ತಿಂದೆವು. ಅಂದು ನಾವು ದುಡ್ಡು ಕೊಟ್ಟ ಮೊದಲ ವಸ್ತು ಅದೇ. ಬೆಟಗೇರಿಯ ಆಟೊದಿಂದ ಇಳಿಯುವಾಗ ಅತ್ತೆ ಎಡಗಾಲು ಮೊದಲು ನೆಲಕ್ಕಿಟ್ಟು, ನನ್ನ ಹೆಗಲು ಹಿಡಿದು, ಬಲಗಾಲನ್ನು ಆಮೇಲೆ ತಂದುಕೊಂಡಳು. ಓಣಿಯ ಎರಡೂ ಕಡೆಯಿಂದ ಮಗ್ಗಗಳ ಸದ್ದು ಬರುತ್ತಿತ್ತು. ಆರು ತಿಂಗಳಿಂದ ಪಡಸಾಲೆಯಲ್ಲಿ ಅವಳ ಮಗ್ಗದ ಸದ್ದು ಆಗಾಗ ನಿಲ್ಲುತ್ತಿದ್ದುದು, ಅದು ನಿಂತಾಗ ಓದಲು ಶಾಂತಿ ಸಿಕ್ಕಿತೆಂದು ನಾನು ಖುಷಿಪಡುತ್ತಿದ್ದುದು ನೆನಪಾಯಿತು. ಕೈಚೀಲದಿಂದ ಬಟ್ಟೆಯ ಅಂಚು ಹೊರಗೆ ಇಣುಕುತ್ತಿತ್ತು. ಅವಳು ಅದನ್ನು ಒಳಗೆ ತುರುಕಿ ಮುಂದೆ ನಡೆದಳು. ನಾನು ಹಿಂದಿನಿಂದ ಕೇಳಿದೆ:

"ಅತ್ತಿ, ಉತ್ತರ ನಿನಗ ಮೊದಲ ಗೊತ್ತಿತ್ತು. ಹಂಗಾರ ಈ ಬಟ್ಟಿ ನೀ ಆ ಮೂರೂ ಮಂದಿಗಿ ತೋರಸಾಕ ತಂದಿದ್ದೇನು, ಇಲ್ಲಾ ದಿನಾ ನಿನ್ನ ಬಾಜೂಕ ಕುಂತ ಓದತಿದ್ದ ನನಗ ತೋರಸಾಕೇನು?"